ಅಳೆಯುವ ಗಾಜು, ನೋಡುವ ಗಾಜು

ರಾಮದುರ್ಗದಲ್ಲಿ ಫೋಟೋ ಸ್ಟುಡಿಯೋಗಳಿಗೆ ಕೊರತೆಯಿಲ್ಲ. ಮದುವೆ, ಸೀಮಂತ, ಜವಳ, ಗೃಹಪ್ರವೇಶ ಎಂದು ಅವರಿಗೆ ವರ್ಷವಿಡೀ ಒಂದಲ್ಲ ಒಂದು ಕೆಲಸ ಇದ್ದೇ ಇರುತ್ತದೆ. ಆದರೆ ಲೆನ್ಸ್ ಕೊಳ್ಳಬೇಕೆಂದರೆ ಹುಬ್ಬಳ್ಳಿಗೋ ಬೆಳಗಾವಿಗೋ ಬಸ್ಸು ಹತ್ತಬೇಕು. ಕಳೆದ ವರ್ಷ ನನಗೆ ಮ್ಯಾಕ್ರೋ ಲೆನ್ಸಿನ ಗೀಳು ಹತ್ತಿದಾಗ ಮೊದಲು ಹೋಗಿ ವಿಚಾರಿಸಿದ್ದು ನಮ್ಮ ಓಣಿಯ ತುದಿಯ ಸ್ಟುಡಿಯೋದಲ್ಲಿ.

"ಉಂಗುರಾ ಹೊಡಿಯಾಕೇನ್ರಿ ಮೇಡಮ್ಮಾರ?" ಎಂದು ಕೇಳಿದರು. ಮದುವೆ ಫೋಟೋಗ್ರಾಫರರಿಗೆ ಮ್ಯಾಕ್ರೋ ಎಂದರೆ ಉಂಗುರ, ಕಾಲುಂಗುರ, ಮೆಹಂದಿಯ ಬೆರಳು.

"ಅಲ್ರಿ, ಸೀರಿ ಹೊಡಿಯಾಕ."

"ಸೀರಿಗ್ಯಾಕ್ರಿ ಮ್ಯಾಕ್ರೋ? ಸೀರಿ ಅಂದ್ರ ಐದಾರ ಮೀಟರ್ ಇರತೈತಲ್ರಿ!"

ಅವರು ನಕ್ಕರು, ನಾನೂ ನಕ್ಕೆ. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಇಡೀ ಸೀರೆ ನನಗೆ ಬೇಕಿರಲಿಲ್ಲ, ಅದರ ಒಂದು ಗೆರೆ ಮಾತ್ರ ಬೇಕಿತ್ತು. ಅವ್ವನ ಮದುವೆಯ ಇಳಕಲ್ ಸೀರೆಯದು ಕಡುನೀಲಿ ಒಡಲು, ಕೆಂಪು ರೇಷ್ಮೆಯ ಸೆರಗು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕುಣಿಕೆಯಂತೆ ಸಿಕ್ಕಿಸಿ, ಸಾವಿರಾರು ಎಳೆ ಕೂಡಿಸಿದ ಮೇಲೆ ನೇಯ್ಗೆ ಶುರುವಾಗುತ್ತದೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಉಟ್ಟಾಗ ಕೊಂಡಿ ಕಾಣುವುದಿಲ್ಲ. ನೀಲಿ ಮುಗಿದು ಕೆಂಪು ಹತ್ತುವ ಕಡೆ ಬೆರಳಾಡಿಸಿದರೆ ಸಣ್ಣದೊಂದು ಏಣು ತಾಗುತ್ತದೆ, ಅಷ್ಟೆ. ಆ ಏಣನ್ನು ಒಮ್ಮೆ ಕಣ್ಣಿಂದ ನೋಡಬೇಕೆನ್ನುವುದು ನನ್ನ ಆಸೆಯಾಗಿತ್ತು.

ಆಸೆ ಅಷ್ಟೇ ಆಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಲೆನ್ಸ್ ಕೊಳ್ಳಲು ಹೊರಟವರೆಲ್ಲ ಮಾಡುವುದನ್ನು ನಾನೂ ಮಾಡಿದೆ, ವಿಮರ್ಶೆಗಳನ್ನು ಓದತೊಡಗಿದೆ. ಧಾರವಾಡದ ಹಾಸ್ಟೆಲ್ಲಿನಲ್ಲಿ ಪ್ರಬಂಧದ ಮೂರನೆಯ ಅಧ್ಯಾಯ ಅರ್ಧಕ್ಕೆ ನಿಂತಿತ್ತು. ರಾತ್ರಿ ಹನ್ನೊಂದಾದ ಮೇಲೆ ಆ ಕಡತ ಮುಚ್ಚಿ 90 ಎಂ.ಎಂ., 100 ಎಂ.ಎಂ. ಲೆನ್ಸುಗಳ ವಿಮರ್ಶೆ ತೆರೆಯುತ್ತಿದ್ದೆ. ಆರು ತಿಂಗಳಲ್ಲಿ ಸಾಹಿತ್ಯ ವಿಮರ್ಶೆಗಿಂತ ಲೆನ್ಸ್ ವಿಮರ್ಶೆಯನ್ನೇ ಹೆಚ್ಚು ಓದಿದ್ದೇನೆ ಎನ್ನಲು ನನಗೆ ನಾಚಿಕೆಯಿದೆ. ಕನ್ನಡದಲ್ಲಿ ಎರಡಕ್ಕೂ ಇರುವುದು 'ವಿಮರ್ಶೆ' ಎಂಬ ಒಂದೇ ಪದ. ಆ ಪದವೇ ನನ್ನನ್ನು ಯೋಚನೆಗೆ ಹಚ್ಚಿತು.

ಮೊದಲು ಅವುಗಳ ಗುಣ ಹೇಳಬೇಕು. ಒಳ್ಳೆಯ ಲೆನ್ಸ್ ವಿಮರ್ಶಕ ಎರಡು ಲೆನ್ಸುಗಳನ್ನು ಒಂದೇ ವಸ್ತುವಿನ ಮುಂದೆ, ಒಂದೇ ಬೆಳಕಿನಲ್ಲಿ, ಒಂದೇ ದೂರದಲ್ಲಿ ಇಟ್ಟು ನೋಡುತ್ತಾನೆ. ಲೆನ್ಸನ್ನು ತಾನು ಕೊಂಡನೋ, ಕಂಪನಿ ಕಳಿಸಿತೋ ಎಂಬುದನ್ನು ಮೊದಲೇ ಹೇಳುತ್ತಾನೆ. ಚಿತ್ರದ ನಡುಭಾಗ ಚೂಪಾಗಿದ್ದು ಮೂಲೆಗಳು ಮಂಕಾಗಿದ್ದರೆ ಆ ಮೂಲೆಯನ್ನೇ ದೊಡ್ಡದು ಮಾಡಿ ತೋರಿಸುತ್ತಾನೆ. ಕೊನೆಗೆ, ಇದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಬಿಡಿಸಿ ಹೇಳುತ್ತಾನೆ. ನಮ್ಮ ಪುಸ್ತಕ ವಿಮರ್ಶೆಗಳಲ್ಲಿ, ನಾನು ಬರೆದ ನಾಲ್ಕಾರನ್ನೂ ಸೇರಿಸಿ, ಇಷ್ಟು ನಿಷ್ಠುರತೆ ಅಪರೂಪ. ಲೇಖಕರು ಪರಿಚಿತರೆಂದು ನಾನು ಎಲ್ಲಿಯೂ ಬರೆದಿಲ್ಲ. ಮೂಲೆಗಳು ಮಂಕಾಗಿವೆ ಎಂದೂ ಬರೆದಿಲ್ಲ.

ಆದರೆ ನೂರಾರು ವಿಮರ್ಶೆ ಓದಿದ ಮೇಲೆ ಒಂದು ಸಂಗತಿ ಕಾಡತೊಡಗಿತು. ಈ ಚಿತ್ರಗಳಲ್ಲಿ ಇರುವುದೇನು? ಇಟ್ಟಿಗೆಯ ಗೋಡೆ, ನೋಟಿನ ಮೇಲಿನ ಸಣ್ಣ ಅಕ್ಷರ, ಕೈಗಡಿಯಾರದ ಮುಳ್ಳು, ನೊಣದ ಕಣ್ಣು. ಅದು ಯಾವ ನೊಣ, ಎಲ್ಲಿ ಕೂತಿತ್ತು, ಏನು ಮಾಡುತ್ತಿತ್ತು ಎಂಬ ಮಾತೇ ಇಲ್ಲ. ಲೆನ್ಸು ಎಷ್ಟು ಚೂಪು ಎಂದು ತೋರಿಸುವುದಕ್ಕಷ್ಟೇ ಆ ನೊಣ ಅಲ್ಲಿದೆ. ಕೆಲಸ ಮುಗಿದ ಮೇಲೆ ಅದು ಹಾರಿಹೋದರೂ ಯಾರಿಗೂ ನಷ್ಟವಿಲ್ಲ. ಲೆನ್ಸನ್ನು ಪರೀಕ್ಷಿಸುವ ಬರಹದಲ್ಲಿ ಇದು ತಪ್ಪಲ್ಲ ಎನ್ನಬಹುದು, ಒಪ್ಪೋಣ. ಆದರೆ ಇದನ್ನೇ ಓದುತ್ತ ಹೋದವರಿಗೆ ಲೋಕವೆಲ್ಲ ಪರೀಕ್ಷೆಯ ಗೋಡೆಯಾಗಿಬಿಡುತ್ತದೆ. ನನಗೆ ಹಾಗೆಯೇ ಆಯಿತು. ಮನೆಗೆ ಬಂದಾಗ ಅವ್ವನ ಸೀರೆ ತೆಗೆದು ನೋಡುವ ಬದಲು, ಈ ಕೊಂಡಿಗೆ ಯಾವ ಲೆನ್ಸ್ ಸರಿ ಎಂದಷ್ಟೇ ಯೋಚಿಸುತ್ತಿದ್ದೆ.

ಬಟ್ಟೆಗೂ ಗಾಜಿಗೂ ಇರುವ ನಂಟು ಕ್ಯಾಮೆರಾಕ್ಕಿಂತ ಹಳೆಯದು. ಜವಳಿಯ ವ್ಯವಹಾರದಲ್ಲಿ ಪಿಕ್ ಗ್ಲಾಸ್ ಎಂಬ ಮಡಚುವ ಪುಟ್ಟ ಗಾಜಿದೆ. ಬಟ್ಟೆಯ ಮೇಲಿಟ್ಟು ಕಣ್ಣು ಹಚ್ಚಿದರೆ ಒಂದು ಅಂಗುಲದ ಚೌಕದೊಳಗೆ ಎಷ್ಟು ಹಾಸು, ಎಷ್ಟು ಹೊಕ್ಕು ಎಂದು ಎಣಿಸಬಹುದು. ಎಣಿಕೆ ಕಡಿಮೆಯಾದರೆ ದರವೂ ಕಡಿಮೆ. ಫಿಲ್ಮಿನ ಕಾಲದಲ್ಲಿ ಫೋಟೋಗ್ರಾಫರರು ನೆಗೆಟಿವ್ ನೋಡುವುದಕ್ಕೂ ಇಂಥ ಗಾಜನ್ನು ಬಳಸುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಲ್ಲಿ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯಿದ್ದ. ನೂಲಿನ ಗುಣ ನೋಡಲು ಗಾಜು ಹಿಡಿಯುವುದು ಅವನ ಕಸುಬಿನ ಭಾಗವೇ ಆಗಿತ್ತು. ಮುಂದೆ ತಾನೇ ಉಜ್ಜಿ ಮಾಡಿದ ಪುಟ್ಟ ಗಾಜುಗಳಲ್ಲಿ, 1670ರ ದಶಕದಲ್ಲಿ, ಅವನು ನೀರಿನ ಹನಿಯನ್ನು ನೋಡಿದ. ಅದರೊಳಗೆ ಓಡಾಡುವ ಜೀವಿಗಳು ಕಂಡವು. ಅವುಗಳನ್ನು ಹಾಗೆ ಕಂಡು ವಿವರವಾಗಿ ಬರೆದವರಲ್ಲಿ ಅವನೇ ಮೊದಲಿಗ.

ಇಲ್ಲಿ ಗಾಜಿನ ಎರಡು ಬಳಕೆಗಳಿವೆ. ಎಳೆ ಎಣಿಸುವವನಿಗೆ ಏನು ಹುಡುಕಬೇಕೆಂಬುದು ಮೊದಲೇ ಗೊತ್ತು, ಎಷ್ಟು ಎಂಬುದಷ್ಟೇ ಗೊತ್ತಾಗಬೇಕು. ನೀರಿನ ಹನಿ ನೋಡುವವನಿಗೆ ಏನು ಕಂಡೀತೆಂಬುದೇ ತಿಳಿದಿಲ್ಲ. ಒಂದು ಅಳೆಯುವ ಗಾಜು, ಇನ್ನೊಂದು ನೋಡುವ ಗಾಜು. ಅಳೆಯುವುದು ಕೀಳು ಎಂದು ನಾನು ಹೇಳುತ್ತಿಲ್ಲ, ಎಳೆ ಎಣಿಸದಿದ್ದರೆ ಕೊಳ್ಳುವವರಿಗೆ ಮೋಸವಾದೀತು. ಒಂದರ ಕೆಲಸ ಮಾಡುತ್ತ ಇನ್ನೊಂದನ್ನು ಮಾಡಿದ್ದೇವೆಂದು ತಿಳಿದುಕೊಂಡಾಗ ತೊಂದರೆ ಶುರುವಾಗುತ್ತದೆ. ನನ್ನ ಮೂರನೆಯ ಅಧ್ಯಾಯ ನಿಂತದ್ದು ಅಲ್ಲಿಯೇ.

ಆ ಅಧ್ಯಾಯ ಇರುವುದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕುರಿತು. 1980ರಲ್ಲಿ ಬಂದ ಈ ಕಾದಂಬರಿಯನ್ನು ಪರಿಸರ ವಿಮರ್ಶೆಯ ಪರಿಕಲ್ಪನೆಗಳ ಮೂಲಕ ಓದುವುದು ನನ್ನ ಯೋಜನೆ. ಅರವತ್ತು ಪುಟ ಬರೆದಿದ್ದೆ. ಮಾರ್ಗದರ್ಶಕರು ಓದಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದೇ ಸಾಲು ಬರೆದು ಕೊಟ್ಟರು: "ಇದರಾಗ ಕಾದಂಬರಿ ಎಲ್ಲೈತಿ?" ನನಗೆ ಸಿಟ್ಟು ಬಂದಿತ್ತು. ಉದ್ಧರಣೆಗಳಿದ್ದವು, ಪುಟಸಂಖ್ಯೆಗಳಿದ್ದವು. ಇನ್ನೇನು ಬೇಕು ಎಂದುಕೊಂಡಿದ್ದೆ.

ಮ್ಯಾಕ್ರೋ ಲೆನ್ಸಿನ ಲೆಕ್ಕಾಚಾರ ಅರ್ಥವಾದ ಮೇಲೆ ಆ ಪೆನ್ಸಿಲ್ ಸಾಲೂ ಅರ್ಥವಾಯಿತು. ನಿಜವಾದ ಮ್ಯಾಕ್ರೋ ಎಂದರೆ ಒಂದಕ್ಕೆ ಒಂದರ ಅನುಪಾತ, ಒಂದು ಸೆಂಟಿಮೀಟರಿನ ವಸ್ತು ಸೆನ್ಸರಿನ ಮೇಲೂ ಒಂದು ಸೆಂಟಿಮೀಟರ್ ಇರುತ್ತದೆ. 36 ಮತ್ತು 24 ಮಿಲಿಮೀಟರಿನ ಫುಲ್ ಫ್ರೇಮ್ ಸೆನ್ಸರಿದ್ದರೆ ಬಟ್ಟೆಯ ಅಷ್ಟೇ ಜಾಗ ಚಿತ್ರದ ತುಂಬ ಬರುತ್ತದೆ. ಅಷ್ಟು ಹತ್ತಿರ ಹೋದಾಗ ಎಫ್ 8 ಇಟ್ಟರೂ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಎಫ್ 2.8ಕ್ಕೆ ತೆರೆದರೆ ಅದರ ಮೂರನೆಯ ಒಂದು ಪಾಲು. ಉಳಿದದ್ದೆಲ್ಲ ಮಸುಕು. ಲೆನ್ಸ್ ವಿಮರ್ಶೆಗಳು ಆ ಮಸುಕನ್ನು ಬೆಣ್ಣೆ, ಕೆನೆ ಎಂದೆಲ್ಲ ಹೊಗಳುತ್ತವೆ. ಮಸುಕು ಚೆಂದ ಕಾಣುವುದರಿಂದಲೇ ಅಲ್ಲಿ ಏನೋ ಇತ್ತೆಂಬುದು ಮರೆತುಹೋಗುತ್ತದೆ.

ಮಂದಣ್ಣನಿಗೆ ನಾನು ಮಾಡಿದ್ದು ಇದನ್ನೇ. ನನ್ನ ಅಧ್ಯಾಯದಲ್ಲಿ ಅವನು 'ಸ್ಥಳೀಯ ಜ್ಞಾನದ ಪ್ರತಿನಿಧಿ'. ಅಷ್ಟು ಮಾತ್ರ ಚೂಪಾಗಿತ್ತು. ಕಾದಂಬರಿಯಲ್ಲಿ ಅವನು ಜೇನಿನ ವಿಷಯ ಬಲ್ಲವನು ಹೌದು. ಅದರ ಜೊತೆಗೆ ಸರ್ಕಾರಿ ನೌಕರಿಗಾಗಿ ಹಂಬಲಿಸುವವನು, ಮದುವೆಗಾಗಿ ಪರದಾಡುವವನು, ಕಳ್ಳಭಟ್ಟಿಯ ಕೇಸಿನಲ್ಲಿ ಸಿಕ್ಕಿಬೀಳುವವನು. ನಿರೂಪಕನ ಕಣ್ಣಿಗೆ ಅವನೊಬ್ಬ ಹಳ್ಳಿಯ ಪೆದ್ದ. ಇವೆಲ್ಲ ನನ್ನ ಅಧ್ಯಾಯದಲ್ಲಿ ಬೆಣ್ಣೆಯಂಥ ಮಸುಕಾಗಿ ಹಿಂದೆ ಸರಿದಿದ್ದವು. ಕಾದಂಬರಿ ಇದ್ದದ್ದೇ ಆ ಮಸುಕಿನಲ್ಲಿ.

ಹೀಗಾಗಿ ಮತ್ತೊಮ್ಮೆ 'ಕರ್ವಾಲೊ' ಓದಿದೆ, ಈ ಸಲ ಲೆನ್ಸ್ ಹುಡುಕುತ್ತಿರುವ ಹವ್ಯಾಸಿಯಾಗಿ. ತೇಜಸ್ವಿಯವರೂ ಹಕ್ಕಿಗಳ ಬೆನ್ನು ಹತ್ತಿದ ಫೋಟೋಗ್ರಾಫರ್ ಎಂಬುದು ಗೊತ್ತಿದ್ದದ್ದೇ. ಆದರೆ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟ ತಂಡದಲ್ಲಿ ಕ್ಯಾಮೆರಾ ಹಿಡಿದ ಪ್ರಭಾಕರನಿದ್ದಾನೆ ಎಂಬುದು ಹಿಂದಿನ ಓದುಗಳಲ್ಲಿ ನನ್ನ ಗಮನಕ್ಕೇ ಬಂದಿರಲಿಲ್ಲ. ಕಾದಂಬರಿ ತನ್ನ ತಂಡವನ್ನು ಕಟ್ಟಿರುವ ರೀತಿ ನೋಡಿ: ಶಾಸ್ತ್ರ ಬಲ್ಲ ಕರ್ವಾಲೊ, ಕ್ಯಾಮೆರಾದ ಪ್ರಭಾಕರ, ಓತಿಯನ್ನು ಬರಿಗಣ್ಣಿನಿಂದ ಕಂಡೆನೆಂದ ಮಂದಣ್ಣ, ಯಾವುದನ್ನೂ ಪೂರ್ತಿ ನಂಬದ ನಿರೂಪಕ. ಕೊನೆಯಲ್ಲಿ ಓತಿ ಅವರ ಕೈಗೆ ಸಿಗುವುದಿಲ್ಲ, ಕಣ್ಣೆದುರೇ ಪ್ರಪಾತದತ್ತ ತೇಲಿ ಮರೆಯಾಗುತ್ತದೆ.

ಇದನ್ನು 'ಬರಿಗಣ್ಣೇ ದೊಡ್ಡದು, ಯಂತ್ರ ಸಣ್ಣದು' ಎಂದು ಓದುವ ಆಸೆ ನನಗೂ ಆಯಿತು. ಅದು ಸುಲಭದ ಓದು, ಕಾದಂಬರಿ ಅದಕ್ಕೆ ಒಪ್ಪುವುದಿಲ್ಲ. ಮಂದಣ್ಣ ನೋಡಿದ್ದು ನಿಜ, ಆದರೆ ನೋಡಿದ್ದರ ಬೆಲೆ ಅವನಿಗೆ ಗೊತ್ತಿರಲಿಲ್ಲ. ಕರ್ವಾಲೊ ಕೇಳದೆ ಇದ್ದಿದ್ದರೆ ಅದು ಊರಿನ ಹತ್ತು ಹರಟೆಗಳಲ್ಲಿ ಹನ್ನೊಂದನೆಯದಾಗುತ್ತಿತ್ತು. ಕರ್ವಾಲೊಗೆ ಬೆಲೆ ಗೊತ್ತು, ಆದರೆ ನೋಡಿದವರು ಅವರಲ್ಲ. ಒಬ್ಬರಿಲ್ಲದೆ ಇನ್ನೊಬ್ಬರ ಕಣ್ಣು ಪೂರ್ತಿಯಾಗುವುದಿಲ್ಲ. ಇವರಿಬ್ಬರ ನಡುವೆ ಇರುವ ನಿರೂಪಕನ ಕೈಯಲ್ಲಿರುವುದು ಅಳೆಯುವ ಗಾಜು. ಓದು, ನಡತೆ, ಮದುವೆಯ ಯೋಗ್ಯತೆ ಎಂದು ಅವನು ಮಂದಣ್ಣನನ್ನು ಎಣಿಸುತ್ತಲೇ ಇರುತ್ತಾನೆ, ಇಂಥವನಲ್ಲಿ ಕರ್ವಾಲೊ ಏನು ಕಂಡರೋ ಎಂದು ಬೆರಗಾಗುತ್ತಾನೆ. ಓತಿಯನ್ನು ಹುಡುಕುವ ಕಥೆಯ ಒಳಗೆ, ನಿರೂಪಕನ ಕೈಯಿಂದ ಆ ಗಾಜು ಮೆಲ್ಲಗೆ ಜಾರುವ ಇನ್ನೊಂದು ಕಥೆಯಿದೆ. ನಗುತ್ತ ಓದಿಸಿಕೊಂಡು ಹೋಗುವುದರಿಂದ ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ನನ್ನ ಅರವತ್ತು ಪುಟಗಳು ನಿರೂಪಕನ ಮೊದಲ ಗಾಜಿನಲ್ಲೇ ಬರೆದವು ಎಂದು ಆಗ ಹೊಳೆಯಿತು.

ಇತ್ತ ಲೆನ್ಸಿನ ಕಥೆಯೂ ನಡೆದಿತ್ತು. ಹೊಸ ಮ್ಯಾಕ್ರೋ ಲೆನ್ಸಿನ ಬೆಲೆ ನನ್ನ ಫೆಲೋಶಿಪ್ಪಿನ ಹಲವು ತಿಂಗಳ ಹಣ. ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತೆಂದು ಪರಊರಿಗೆ ಹೋಗಿ ನೋಡಿದೆ. ಮಾರುವವರು ಹೊರಗಿನಿಂದ ಫಳಫಳ ಒರೆಸಿಟ್ಟಿದ್ದರು. ಮುಂದಿನ ಗಾಜಿಗೆ ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ನೋಡಿದಾಗ ಒಳಗಿನ ಗಾಜಿನ ಮೇಲೆ ಜೇಡನ ಬಲೆಯಂತೆ ಬೂಸ್ಟು ಹಬ್ಬಿತ್ತು. ತೇವದಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಲೆನ್ಸುಗಳಿಗೆ ಹೀಗಾಗುತ್ತದೆ. ಹಳೆಯ ಲೆನ್ಸ್ ಕೊಳ್ಳುವವರು ಇದೊಂದನ್ನು ಮರೆಯಬಾರದು: ಟಾರ್ಚ್ ಹಿಡಿದು ನೋಡಿ, ಅಪರ್ಚರಿನ ಎಸಳುಗಳ ಮೇಲೆ ಎಣ್ಣೆಯ ಜಿಡ್ಡಿದೆಯೇ ನೋಡಿ, ಫೋಕಸ್ ಉಂಗುರ ಎಲ್ಲಿಯಾದರೂ ತಡೆಯುತ್ತದೆಯೇ ತಿರುಗಿಸಿ ನೋಡಿ. ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ. ಬಸ್ ಚಾರ್ಜು, ಒಂದು ದಿನ ಹೋದವು. ಲೆನ್ಸಿನ ಹಣ ಉಳಿಯಿತು.

ಕೊನೆಗೆ ದಾರಿ ತೋರಿಸಿದವರು ಅದೇ ಓಣಿಯ ಸ್ಟುಡಿಯೋದವರು. ಕಪಾಟಿನ ಮೇಲಿನಿಂದ ಧೂಳು ಹಿಡಿದ ಡಬ್ಬಿ ಇಳಿಸಿ ಮೂರು ಉಂಗುರಗಳನ್ನು ಕೊಟ್ಟರು: 12, 20 ಮತ್ತು 36 ಎಂ.ಎಂ.ನ ಎಕ್ಸ್‌ಟೆನ್ಶನ್ ಟ್ಯೂಬುಗಳು. "ಒಯ್ರಿ, ಹೊಡದ ಮ್ಯಾಲ ತಂದ ಕೊಡ್ರಿ." ಅವುಗಳೊಳಗೆ ಗಾಜೇ ಇಲ್ಲ, ಗಾಳಿ ಮಾತ್ರ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸೇರಿಸಿದರೆ ಲೆನ್ಸ್ ಮುಂದೆ ಸರಿದು ಇನ್ನೂ ಹತ್ತಿರದ ವಸ್ತುವನ್ನು ಹಿಡಿಯುತ್ತದೆ. ನನ್ನ ಬಳಿಯಿದ್ದ ಸಾಧಾರಣ 50 ಎಂ.ಎಂ. ಲೆನ್ಸಿಗೆ 50 ಎಂ.ಎಂ. ದೂರ ಸೇರಿದರೆ ಒಂದಕ್ಕೆ ಒಂದರ ಅನುಪಾತ ಬಂದುಬಿಡುತ್ತದೆ. 20 ಮತ್ತು 36ರ ಉಂಗುರ ಜೋಡಿಸಿದೆ. ಬೆಳಕು ಕಡಿಮೆಯಾಗುತ್ತದೆ, ಕೈಯಲ್ಲಿ ಹಿಡಿದು ತೆಗೆಯುವಂತಿಲ್ಲ. ಕಿಟಕಿಯ ಪಕ್ಕ ಮಂಚದ ಮೇಲೆ ಸೀರೆ ಹಾಸಿ, ಟ್ರೈಪಾಡ್ ಬಗ್ಗಿಸಿ, ಟೈಮರ್ ಇಟ್ಟು ಉಸಿರು ಬಿಗಿಹಿಡಿದು ನಿಂತೆ. ಹೊರಗೆ ಮಗ್ಗದ ಸದ್ದು ನಿಂತಾಗಲೆಲ್ಲ ಒಂದೊಂದು ಚಿತ್ರ. ಮೂವತ್ತರಲ್ಲಿ ನಾಲ್ಕು ಸರಿ ಬಂದವು.

ಲ್ಯಾಪ್‌ಟಾಪಿನಲ್ಲಿ ತೆರೆದಾಗ ಬೆರಗಾದೆ. ನೀಲಿ ಕುಣಿಕೆಯೊಳಗೆ ಕೆಂಪು ಕುಣಿಕೆ, ಸಾಲಾಗಿ, ಇಬ್ಬರು ಕಿರುಬೆರಳು ಸಿಕ್ಕಿಸಿಕೊಂಡ ಹಾಗೆ. ನನಗೆ ಕಂಡದ್ದು ಅಷ್ಟೇ. ಉಪಮೆ ಹೊಳೆದ ಖುಷಿಯಲ್ಲಿ ನೋಡುವುದನ್ನು ನಿಲ್ಲಿಸಿಬಿಟ್ಟಿದ್ದೆ.

ಎದುರು ಮನೆಯ ಕಾಕುವಿನ ತವರು ಇಳಕಲ್ಲಿನ ಕಡೆ. ಹುಡುಗಿಯಾಗಿದ್ದಾಗ ಮನೆಯಲ್ಲಿ ಕೊಂಡಿ ಹಾಕುವ ಕೆಲಸ ಅವರದೇ ಆಗಿತ್ತಂತೆ. ಈಗ ಕಣ್ಣು ಮಂಜು. ಅವರಿಗೆ ತೋರಿಸಿದಾಗ ಮೊದಲು ಅದೇನೆಂದು ಗೊತ್ತಾಗಲಿಲ್ಲ.

"ಇದೇನ ಯವ್ವಾ, ಹಗ್ಗದ ಚಿತ್ರ?"

"ಕೊಂಡಿ ಐತಿ ಕಾಕು. ಅವ್ವನ ಸೀರಿದು."

ಅವರು ಕುರ್ಚಿ ಎಳೆದುಕೊಂಡರು. ಬೆರಳನ್ನು ಪರದೆಯ ಮೇಲಿಟ್ಟು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದರು. ನಡುವೆ ನಿಂತರು. "ಇಲ್ಲಿಂದ ಕೈ ಬ್ಯಾರೆ ಐತಿ ನೋಡು. ಈ ಕಡೆ ಹುರಿ ಬಿಗಿ, ಆ ಕಡೆ ಸಡ್ಲ. ಒಬ್ಬಾಕಿ ಎದ್ದ ಹೋಗ್ಯಾಳ, ಇನ್ನೊಬ್ಬಾಕಿ ಕುಂತಾಳ."

ನಾನು ಮತ್ತೆ ನೋಡಿದೆ. ಹೌದು, ಎಡಗಡೆಯ ಕುಣಿಕೆಗಳು ಗಟ್ಟಿಯಾಗಿ, ಒಂದರ ಪಕ್ಕ ಒಂದು ಕೂತಿದ್ದವು. ಬಲಗಡೆಯವು ಕೊಂಚ ಅಗಲ. ಹೇಳಿದ ಮೇಲೆ ಬೇರೆ ಏನೂ ಕಾಣದಷ್ಟು ಎದ್ದು ಕಾಣುತ್ತಿತ್ತು. ಒಬ್ಬಾಕೆ ಯಾಕೆ ಎದ್ದು ಹೋದಳು? ಒಲೆಯ ಮೇಲೆ ಏನಾದರೂ ಇತ್ತೇ, ಕೂಸು ಅತ್ತಿತೇ? ಕಾಕು ಅದಕ್ಕೆ ಉತ್ತರ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ಚಿತ್ರ ಇಲ್ಲದಿದ್ದರೆ ಆ ಮಂಜುಗಣ್ಣಿಗೆ ಅದು ಕಾಣುತ್ತಿರಲಿಲ್ಲ, ಕಾಕು ಇಲ್ಲದಿದ್ದರೆ ನನ್ನ ಚಿತ್ರದಲ್ಲಿ ಅದು ಇದ್ದೂ ಇರುತ್ತಿರಲಿಲ್ಲ. ಕರ್ವಾಲೊ, ಮಂದಣ್ಣರ ಬಗ್ಗೆ ಅರವತ್ತು ಪುಟದಲ್ಲಿ ಹೇಳಲಾಗದ್ದು ನಮ್ಮ ಪಡಸಾಲೆಯಲ್ಲಿ ಎರಡು ನಿಮಿಷದಲ್ಲಿ ನಡೆದುಹೋಯಿತು.

ಸಾಹಿತ್ಯದ ವಿದ್ಯಾರ್ಥಿಗಳು ನಾವು ಸೆಮಿನಾರುಗಳಲ್ಲಿ 'ಇಂಥ ನೆಲೆಯಿಂದ', 'ಇಂಥ ದೃಷ್ಟಿಕೋನದಿಂದ' ಎನ್ನುತ್ತಲೇ ಇರುತ್ತೇವೆ. ಸಿದ್ಧಾಂತ ಬೇಡ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಹತ್ತಿರ ಹೋಗದೆ ಕೊಂಡಿ ಕಾಣುವುದಿಲ್ಲ. ಆದರೆ ಲೆನ್ಸ್ ವಿಮರ್ಶಕನಿಂದ ಕಲಿಯಬೇಕಾದ ಪ್ರಾಮಾಣಿಕತೆಯೊಂದಿದೆ: ನನ್ನ ಗಾಜು ಎಷ್ಟು ದಪ್ಪದ ಪದರವನ್ನು ಸ್ಪಷ್ಟವಾಗಿ ತೋರಿಸುತ್ತದೆ, ಯಾವ ಮೂಲೆಯಲ್ಲಿ ಮಂಕಾಗುತ್ತದೆ ಎಂದು ಮೊದಲೇ ಹೇಳುವುದು. ಅವನು ಮಾಡದೆ ಬಿಡುವ ಕೆಲಸ ನಮ್ಮದು: ಚಿತ್ರ ತೆಗೆದ ಮೇಲೆ ಲೆನ್ಸನ್ನು ಮರೆತು, ಅದನ್ನು ಬಲ್ಲವರ ಮುಂದಿಟ್ಟು ಕಾಯುವುದು. ಕಾದಂಬರಿಯ ಮಟ್ಟಿಗೆ ಹಾಗೆ ಬಲ್ಲವರು ಅದರ ಪಾತ್ರಗಳೇ. ಮಂದಣ್ಣ ಏನು ಹೇಳುತ್ತಾನೆಂದು ನಾನು ಕೇಳಿಸಿಕೊಂಡೇ ಇರಲಿಲ್ಲ, ಅವನ ಪರವಾಗಿ ಮಾತಾಡುವುದರಲ್ಲಿ ಮುಳುಗಿದ್ದೆ.

ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಈಗ ಅದು ಜೇನು ಸೊಸೈಟಿಯಿಂದ, ನೌಕರಿಯ ಹಂಬಲದಿಂದ ಶುರುವಾಗುತ್ತದೆ. ಹದಿನೆಂಟು ಪುಟ ಆಗಿದೆ. ಉಂಗುರಗಳನ್ನು ಸ್ಟುಡಿಯೋಕ್ಕೆ ವಾಪಸು ಕೊಟ್ಟೆ. ಮ್ಯಾಕ್ರೋ ಲೆನ್ಸ್ ಇನ್ನೂ ಕೊಂಡಿಲ್ಲ, ಕೊಳ್ಳುವ ಆಸೆ ಹೋಗಿಲ್ಲ. ವಿಮರ್ಶೆ ಓದುವುದನ್ನು ಮಾತ್ರ ಕಡಿಮೆ ಮಾಡಿದ್ದೇನೆ.

ಅಂದು ಕಾಕು ಎದ್ದು ಹೋದ ಮೇಲೂ ಸೀರೆ ಮಂಚದ ಮೇಲೆ ಹಾಗೇ ಹರಡಿತ್ತು. ಅವ್ವ ಅಡುಗೆಮನೆಯಿಂದ ಇಣುಕಿ ನೋಡಿದಳು. "ಕೊಂಡಿ ನೋಡಿದ್ದಾತಿಲ್ಲ? ಇನ್ನ ಸೀರಿ ಮಡಚಿ ಇಡು, ಬಿಸಲಿಗೆ ಬಣ್ಣ ಹೋಗತೈತಿ."